ಸಂದಿಗೆ ಒಂದು ಇಟ್ಟಂಗಿ

ಅವರು ತೀರಿಹೋದ ಸುದ್ದಿ ನನಗೆ ಸಿಕ್ಕಿದ್ದು ಕಲಬುರ್ಗಿಯ ಸೂಪರ್ ಮಾರ್ಕೆಟ್ಟಿನಲ್ಲಿ, ನಿಂಬೆಹಣ್ಣಿನ ಗಾಡಿಯ ಮುಂದೆ. ಕಮಲಾಪುರದ ಹಳೆಯ ಮಾಸ್ತರರೊಬ್ಬರು ಎದುರಾದವರು, ಆಟೋಗಳ ಗದ್ದಲದ ನಡುವೆಯೇ ಕೂಗಿ ಹೇಳಿದರು: “ನಿಮ್ಮ ಗಂಟಿ ಸಿಪಾಯಿ ಹೋದ್ನಲ್ರೀ ರಾಯರ. ಮಣ್ಣು ಮಾಡಿ ಐದು ದಿನ ಆತು.” ನನ್ನ ಕೈಯಲ್ಲಿ ಒಂದು ನಿಂಬೆಹಣ್ಣಿತ್ತು. ಅದನ್ನು ಗಾಡಿಗೆ ವಾಪಸು ಇಡಲೂ ಆಗಲಿಲ್ಲ, ಚೀಲಕ್ಕೆ ಹಾಕಲೂ ಆಗಲಿಲ್ಲ. ಗಾಡಿಯವನು “ಲೇನಾ ಹೈ ತೋ ಲೇವ್ ಸಾಬ್” ಎಂದು ಗದರಿದ ಮೇಲೆ ದುಡ್ಡು ಕೊಟ್ಟು ಅಂಗಿಯ ಜೇಬಿಗೆ ಹಾಕಿಕೊಂಡೆ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಹತ್ತು ಜನರ ಮುಂದೆ ಅವರ ಪರವಾಗಿ ಒಂದು ಮಾತು ಆಡಬೇಕಾದ ದಿನ ಬಾಯಿ ಮುಚ್ಚಿಕೊಂಡಿದ್ದವನು, ಈಗ ಅವರ ಹೆಸರು ಬರೆದು ದೊಡ್ಡಸ್ತಿಕೆ ತೋರಿಸುವುದೆಂದರೆ ನನಗೇ ಹೇಸಿಗೆ. ನಾನು ಗುಮಾಸ್ತ. ಬೇರೆಯವರು ಹೇಳಿದ್ದನ್ನು ಬರೆದುಕೊಂಡೇ ನಿವೃತ್ತನಾದವನು. ನನ್ನದೇ ಮಾತು ಬರೆಯಲು ಕೂತದ್ದು ಇದೇ ಮೊದಲು.

ಎಂಬತ್ತರ ದಶಕದ ನಡುವೆ ಕಮಲಾಪುರದ ಶಾಲೆಯಲ್ಲಿ ನಾನು ಗುಮಾಸ್ತ, ಅವರು ಸಿಪಾಯಿ, ಅಂದರೆ ಜವಾನ. ನನಗಿಂತ ಹದಿನೈದು ವರ್ಷ ದೊಡ್ಡವರು. ಆದರೂ ನಾನು ಅವರನ್ನು ಏಕವಚನದಲ್ಲೇ ಕರೆಯುತ್ತಿದ್ದೆ. ಎಲ್ಲರೂ ಹಾಗೇ ಕರೆಯುತ್ತಿದ್ದರಲ್ಲ ಎಂದು ಈಗ ಹೇಳಿದರೆ ಅದು ನೆಪ. ಎತ್ತರದ ಆಳು, ಸಪೂರ ಮೈ. ಗಂಟೆ ಹೊಡೆಯುವಾಗ ಎಡಗೈ ಬೆನ್ನ ಹಿಂದೆ ಕಟ್ಟಿಕೊಂಡು ಕಣ್ಣು ಮುಚ್ಚುತ್ತಿದ್ದರು. ಯಾಕೆ ಎಂದು ಕೇಳಿದರೆ, “ಕಣ್ಣು ತೆರದ್ರ ಎಣಿಕಿ ತಪ್ಪತದರೀ” ಎನ್ನುತ್ತಿದ್ದರು. ಮನೆಯ ಗೋಡೆಯ ಮೇಲೆ ಬುದ್ಧನ ಒಂದು ಪಟ, ಬಾಬಾಸಾಹೇಬರ ಒಂದು ಪಟ. ಮಾಟ, ಮಂತ್ರ, ದೆವ್ವ ಎಂದರೆ ಅವರಿಗೆ ನಗು ಬರುತ್ತಿತ್ತು. ಈ ಮಾತನ್ನು ಓದುವವರು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಅವರ ಖಾಕಿ ಅಂಗಿಯ ಜೇಬಿನಲ್ಲಿ ಸದಾ ಒಂದು ನಿಂಬೆಹಣ್ಣು ಇರುತ್ತಿತ್ತು. ಪಿತ್ತಕ್ಕಿರಬೇಕು ಎಂದು ನಾನು ಮೊದಮೊದಲು ಅಂದುಕೊಂಡಿದ್ದೆ. ಅಲ್ಲ, ಅದು ಅವರ ಅಳತೆ. ಅವರ ಕೇರಿಯಲ್ಲಿ ಯಾರೇ ಕೋಳಿಗೂಡು ಕಟ್ಟಲಿ, ಕಡೆಗೆ ಇವರನ್ನು ಕರೆಸುತ್ತಿದ್ದರು. ಇವರು ಮೊಣಕಾಲೂರಿ ಕೂತು ಗೂಡಿನ ಒಂದೊಂದು ಸಂದಿಗೂ ನಿಂಬೆಹಣ್ಣು ಒತ್ತಿ ನೋಡುತ್ತಿದ್ದರು. “ಇದು ಪಾರಾತಂದ್ರ ಮುಂಗಸಿ ತಲಿ ಪಾರಾತು. ತಲಿ ಪಾರಾದ ಮ್ಯಾಲ ಮೈ ಏನು ಪರವಾನಗಿ ಕೇಳ್ತದೇನ್ರಿ?” ಹಣ್ಣು ತೂರಿದ ಕಡೆ ಅದನ್ನು ಅಲ್ಲೇ ಗುರುತಿಗೆ ಬಿಟ್ಟು, ಪಕ್ಕದ ಕಲ್ಲಿಗೆ ಕಾವಿಯಿಂದ ಒಂದು ಕೆಂಪು ಗೆರೆ ಎಳೆದು, ಇಟ್ಟಂಗಿ ತರಲು ಹೋಗುತ್ತಿದ್ದರು. ಇಟ್ಟಂಗಿ ಎಂದರೆ ಇಟ್ಟಿಗೆ. ಅವರ ಬಾಯಲ್ಲಿ ಕೇಳಿ ಕೇಳಿ ನನಗೂ ಅದೇ ಮಾತು ರೂಢಿಯಾಗಿದೆ. ವಾರದ ಕೊನೆಗೆ ಬಾಡಿದ ನಿಂಬೆಹಣ್ಣನ್ನು ಕೊಯ್ದು ಶಾಲೆಯ ಹಿತ್ತಾಳೆ ಗಂಟೆ ತಿಕ್ಕುತ್ತಿದ್ದರು. ಸೋಮವಾರ ಆ ಗಂಟೆ ಫಳಫಳ ಹೊಳೆಯುತ್ತಿತ್ತು.

ನನ್ನ ಹೆಂಡತಿಗೆ ಎರಡು ಸಲ ಗರ್ಭ ನಿಂತು ಇಳಿದುಹೋಗಿತ್ತು. ಮೂರನೆಯದು ನಿಂತಾಗ ಕಲಬುರ್ಗಿಯ ಡಾಕ್ಟರಮ್ಮ ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ನನ್ನನ್ನು ಹೊರಗೆ ಕರೆದು ಹೇಳಿದ್ದರು: “ಮೈಯಾಗ ರಕ್ತನ ಇಲ್ಲ. ಓಡಾಟ ಬಂದ್. ದಿನಾ ಎರಡು ತಾಜಾ ತತ್ತಿ ಹೊಟ್ಟಿಗೆ ಹೋಗಬೇಕು. ನೀವು ಏನು ತಿಂತೀರಿ, ಏನು ತಿನ್ನೋದಿಲ್ಲ, ಅದನ್ನೆಲ್ಲ ನನ್ನ ಮುಂದ ಹೇಳಬ್ಯಾಡ್ರಿ. ಈ ಸಲ ಕೂಸು ಹೋದ್ರ ತಾಯೀನೂ ಹೋಗ್ತಾಳ.”

ತತ್ತಿ, ಅಂದರೆ ಕೋಳಿಮೊಟ್ಟೆ. ನಮ್ಮದು ವೈಷ್ಣವರ ಮನೆ. ಅರ್ಧ ಮರಾಠಿ, ಅರ್ಧ ಕನ್ನಡ. ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಆಯಿಯ ಮಡಿ ಎಂಥದೆಂದರೆ ಈರುಳ್ಳಿ ಹೆಚ್ಚಿದ ಚಾಕುವಿಗೂ ಬೇರೆ ಗೂಟ. ಅಂಥ ಮನೆಗೆ ಮೊಟ್ಟೆ ತರುವುದು ಹೇಗೆ? ಕಮಲಾಪುರದಂಥ ಸಣ್ಣ ಊರಿನ ಅಂಗಡಿಯಲ್ಲಿ ಬೆಳಿಗ್ಗೆ ಕೊಂಡರೆ ಮಧ್ಯಾಹ್ನದೊಳಗೆ ಊರಿಗೆಲ್ಲ ಗೊತ್ತು. ಹಾಜರಿ ಪುಸ್ತಕದ ಮೇಲೆ ತಲೆಯಿಟ್ಟು ನಾನು ಅಳುತ್ತಿದ್ದಾಗ ಅವರು ಏನೋ ಸಹಿಗೆ ಬಂದರು. ನೋಡಿ, ಬಾಗಿಲು ಮುಂದೆ ಮಾಡಿದರು. ಎಲ್ಲ ಹೇಳಿಕೊಂಡೆ.

ಅವರೆಂದರು: “ನಮ್ಮ ಕೇರ್‍ಯಾಗ ರೋಗ ಬಂದು ಕೋಳಿ ಎಲ್ಲ ಖತಂ ಆಗ್ಯಾವರಿ. ಬೀಗರ ಊರಿಂದ ನಾಲ್ಕು ತರಬೇಕಂತ ಮಾಡೀನಿ. ಆದ್ರ ಅಲ್ಲಿ ಇಡಂಗಿಲ್ಲ, ನೆಲಕ್ಕ ರೋಗ ಕೂತದ. ನಿಮ್ಮ ಹಿತ್ತಲ ಖಾಲಿ ಅದ. ಜಾಗಾ ನಿಮ್ದು, ಕೋಳಿ ನಂದು. ದಿನಾ ಎರಡು ತತ್ತಿ ಬಾಯೋರಿಗೆ. ಯಾರಿಗೂ ಗೊತ್ತಾಗಂಗಿಲ್ಲ.”

ಆಯಿಗೆ ನಾನು ಹೇಳಿದ್ದು ಇಷ್ಟು: ಕೋಳಿ ಸಿಪಾಯಿಯವು, ಜಾಗ ಮನೆಯ ಮಾಲಕರದು, ನಾವು ಬಾಡಿಗೆಯವರು, ಬೇಡ ಅನ್ನಲು ಬರುವುದಿಲ್ಲ. ಆಯಿ ಮುಖ ಸಿಂಡರಿಸಿದಳು.

ಗೂಡು ಕಟ್ಟಿದ ಆ ಮೂರು ದಿನ ಅವರನ್ನು ನೋಡಬೇಕಿತ್ತು. ಎರಡು ಗಂಟೆಗಳ ನಡುವೆ ಓಡಿ ಬರುವರು, ನಾಲ್ಕು ಕಲ್ಲು ಇಡುವರು, ಮತ್ತೆ ಗಂಟೆಗೆ ಓಡುವರು. ಹೆಗ್ಗಣ ತೋಡಬಾರದೆಂದು ನೆಲಕ್ಕೆ ಶಹಾಬಾದ್ ಪರಸಿ, ಅಂದರೆ ಕಲ್ಲಿನ ಚಪ್ಪಡಿ. ಗೋಡೆಗೆ ಕಲ್ಲು ಮತ್ತು ಮಣ್ಣು. ಮುಂದೆ ತಂತಿಯ ಜಾಳಿಗೆ, ಮೇಲೆ ತಗಡು. ಬಾಗಿಲು ಶಾಲೆಯ ಮುರಿದ ಬೆಂಚಿನ ಹಲಗೆ. ಅದರ ಮೇಲೆ ಯಾವನೋ ಹುಡುಗ ಕೆತ್ತಿದ್ದ ಹೃದಯದ ಗುರುತು ಹಾಗೇ ಉಳಿದಿತ್ತು. “ಗೂಡು ಕೋಳಿ ಸಲುವಾಗಿ ಕಟ್ಟೋದಲ್ರಿ, ಕಳ್ಳನ ಸಲುವಾಗಿ” ಎನ್ನುತ್ತ ಸುತ್ತ ಗಾಜಿನ ಚೂರು ಹೂಳಿದರು.

ಒಂದೇ ಒಂದು ವಿಷಯಕ್ಕೆ ಅವರು ತಕರಾರು ಮಾಡಿದ್ದರು. ಗೂಡನ್ನು ಅಡುಗೆಮನೆಯ ಗೋಡೆಗೆ ಹೊಂದಿಸಿ ಕಟ್ಟಬೇಕೆಂದು ಅವರ ಹಟ. “ಗೂಡು ಕಿವಿಗೆ ಹತ್ರ ಇರಬೇಕ್ರಿ. ಕೋಳಿ ಒದರಿದ್ರ ಮನಷ್ಯಾಗ ಕೇಳಬೇಕು.” ಆಯಿ ಒಳಗಿನಿಂದಲೇ ಕೂಗಿದಳು: “ನಮ್ಮ ತುಳಸೀಕಟ್ಟಿ ಮುಂದ ಅವು ಕೆದರಬಾರದು. ಬಚ್ಚಲದ ಆಚೆ ಕಡೀ ಮೂಲ್ಯಾಗ ಇರಲಿ, ನನ್ನ ಕಣ್ಣಿಗೆ ಬೀಳಬಾರದು.” ಅವರು ನನ್ನ ಮುಖ ನೋಡಿದರು. ನಾನು ಹಿತ್ತಲ ತುದಿಗೆ ಕೈ ತೋರಿಸಿದೆ.

ಮುಂದಿನ ಮೂರು ತಿಂಗಳು ನಮ್ಮ ಮನೆಯಲ್ಲಿ ನಡೆದ ಕಳ್ಳಾಟ ನೆನೆದರೆ ಈಗಲೂ ನಗು ಬರುತ್ತದೆ, ಬೆನ್ನಿಗೇ ಅಳು ಬರುತ್ತದೆ. ಅವರು ಮೊಟ್ಟೆಯನ್ನು ಶಾಲೆಗೆ ತರುವರು. ನಾನು ಊಟದ ಡಬ್ಬಿಯಲ್ಲಿ ಮನೆಗೆ ಒಯ್ಯುವೆ. ನನ್ನಾಕೆ ಅದನ್ನು ಬಿಸಿಹಾಲಿನಲ್ಲಿ ಕದಡಿ, ಏಲಕ್ಕಿ ಪುಡಿ ಹಾಕಿ, ಕಣ್ಣು ಮುಚ್ಚಿ ಒಂದೇ ಗುಟುಕಿಗೆ ಕುಡಿಯುವಳು. ಮೊದಲ ವಾರ ವಾಂತಿ. ಆಮೇಲೆ ಅವಳ ಮುಖಕ್ಕೆ ಬಣ್ಣ ಬಂತು. ಮಲಗಿದಲ್ಲಿಂದಲೇ ಕಿಟಕಿಯ ಕಡೆ ತಿರುಗಿ, “ಅವು ನನ್ನ ಕೂಸಿನ ಸಲುವಾಗಿ ಇಡ್ತಾವ, ಹೌದಲ್ರೀ?” ಎಂದು ದಿನಕ್ಕೊಮ್ಮೆ ಕೇಳುವಳು. ಒಂದು ದಿನ ಸಿಪಾಯಿ ನನಗೆ, “ಗ್ವಾಡಿ ಮ್ಯಾಲ ದಿನಾ ಒಂದು ಬೊಗಸಿ ನುಚ್ಚು ಇಡಾಕತ್ತೀರಲ್ಲ, ಕೋಳಿಗೆ ಕಳಾ ಬಂದದರಿ” ಎಂದರು. ನನ್ನಾಕೆಯೇ ಹೇಗೋ ಎದ್ದು ಇಡುತ್ತಿರಬೇಕೆಂದು ನಾನು ಸುಮ್ಮನಾದೆ.

ಅವಳಿಗೆ ಏಳು ತಿಂಗಳು ತುಂಬಿದಾಗ ಮುಂಗಾರಿನ ಮೊದಲ ಜೋರು ಮಳೆ ಬಿತ್ತು. ಮರುದಿನ ಬೆಳಿಗ್ಗೆ ಅವರು ಗೂಡು ನೋಡಲು ಬಂದರು. ಹಿಂಬದಿಯ ಗೋಡೆಯ ಮಣ್ಣು ಕರಗಿ ಪರಸಿಯ ಹತ್ತಿರ ಸಂದು ಬಿಟ್ಟಿತ್ತು. ನಿಂಬೆಹಣ್ಣು ಹಿಡಿದರು, ಹೋಯಿತು. ಅದನ್ನು ಅಲ್ಲೇ ಇಟ್ಟು, ಕಾವಿಯ ಗೆರೆ ಎಳೆದು, ಸಂಜೆ ಇಟ್ಟಂಗಿ ತರುತ್ತೇನೆಂದು ಹೇಳಿ ಪ್ರಾರ್ಥನೆಯ ಗಂಟೆಗೆ ಓಡಿದರು. ನಾನು ಅಲ್ಲೇ ನಿಂತು ನೋಡಿದ್ದೇನೆ. ಇದನ್ನು ಒತ್ತಿ ಹೇಳುತ್ತೇನೆ, ನಾನು ಅಲ್ಲೇ ನಿಂತಿದ್ದೆ.

ಮಧ್ಯಾಹ್ನ ಊಟಕ್ಕೆ ಬಂದರೆ ಮನೆಯ ಮುಂದೆ ಜನ. ನಡುವೆ ಆಯಿ ಎದೆ ಬಡಿದುಕೊಳ್ಳುತ್ತಿದ್ದಳು. ಹಿತ್ತಲಿಗೆ ಹೋದವಳು ಆ ನಿಂಬೆಹಣ್ಣನ್ನೂ ಕೆಂಪು ಗೆರೆಯನ್ನೂ ನೋಡಿದ್ದಳು. “ಭಾನಾಮತಿ ಮಾಡ್ಯಾನೋ! ಬಸರ ಹೆಂಗಸಿರೋ ಮನ್ಯಾಗ! ಹಿಂದಿನ ಎರಡೂ ಇವನೇ ತಿಂದಾನ!” ಭಾನಾಮತಿ ಎಂದರೆ ಆಗ ನಮ್ಮ ಸೀಮೆಯಲ್ಲಿ ಆಟದ ಮಾತಲ್ಲ. ಮಾಟ ಮಾಡಿದನೆಂದು ಹೆಸರು ಬಂದವನನ್ನು ಕಂಬಕ್ಕೆ ಕಟ್ಟಿದ, ಹಲ್ಲು ಉದುರಿಸಿದ ಸುದ್ದಿಗಳು ಹಳ್ಳಿಗಳಿಂದ ಬರುತ್ತಲೇ ಇದ್ದವು. ಯಾರೋ ಹೋಗಿ ಅವರನ್ನು ಶಾಲೆಯಿಂದ ಕರೆತಂದರು. ಹೆಡ್‌ಮಾಸ್ತರರೂ ಬಂದರು.

“ಅದು ಸಂದು ನೋಡ್ಲಿಕ್ಕೆ ಇಟ್ಟದ್ದು” ಎಂದೆ ನಾನು. ದನಿ ನನಗೇ ಸರಿಯಾಗಿ ಕೇಳಲಿಲ್ಲ.

ಗುಂಪಿನಲ್ಲೊಬ್ಬ ತಿರುಗಿದ. “ನಿಮಗ್ಹ್ಯಾಂಗ ಗೊತ್ರಿ ರಾಯರ? ಕೋಳಿ ಗೂಡಿನ ಹಂತ್ಯಾಕ ನಿಮ್ಮದೇನು ಕೆಲಸ?”

ಅಷ್ಟೇ. ಅಲ್ಲಿಗೆ ನನ್ನ ಬಾಯಿ ಕಟ್ಟಿತು. ಆ ಕೋಳಿಗಳು ನಮಗಾಗಿ ಇರುವವು, ನನ್ನ ಹೆಂಡತಿ ದಿನಾ ಮೊಟ್ಟೆ ಕುಡಿಯುತ್ತಾಳೆ, ಈ ಮನುಷ್ಯ ಅವಳ ಜೀವ ಕಾಯುತ್ತಿದ್ದಾನೆ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಆಯಿ ಎದುರಿಗೆ, ಓಣಿಯ ಎದುರಿಗೆ, ನಾನು ನನ್ನ ಚಪ್ಪಲಿ ನೋಡುತ್ತ ನಿಂತೆ. ಕಿಟಕಿಯ ಹಿಂದೆ ನನ್ನಾಕೆ ಇದ್ದಳು. ಅವಳು ನನ್ನನ್ನೇ ನೋಡುತ್ತಿದ್ದಳೆಂದು ತಲೆ ಎತ್ತದೆಯೂ ನನಗೆ ಗೊತ್ತಿತ್ತು.

ಅವರು ನನ್ನ ಕಡೆ ಒಮ್ಮೆ ನೋಡಿದರು. ಮತ್ತೆ ನೋಡಲಿಲ್ಲ. ನೆಲದ ಮೇಲೆ ಬಿಸಾಕಿದ್ದ ಆ ನಿಂಬೆಹಣ್ಣನ್ನು ಎತ್ತಿ, ಅಂಗಿಗೆ ಒರೆಸಿ, ಎಲ್ಲರಿಗೂ ಕಾಣುವಂತೆ ಹಿಡಿದರು. “ಮಾಟದ ಹಣ್ಣಾಗಿದ್ರ ನನಗೇ ಹತ್ತಲಿ” ಎಂದು ಸಿಪ್ಪೆ ಸಮೇತ ಕಚ್ಚಿ, ಬೀಜ ಸಮೇತ ನುಂಗಿದರು. ಕಣ್ಣಲ್ಲಿ ನೀರು ಬಂತು. ಕುಡಿಯಲು ನೀರು ಕೇಳಲಿಲ್ಲ. ಕೇಳಿದ್ದರೆ ಯಾವ ಲೋಟದಲ್ಲಿ ಕೊಡುವುದೆಂಬ ಚರ್ಚೆ ಶುರುವಾಗುತ್ತಿತ್ತು. ಜನ ಒಬ್ಬೊಬ್ಬರಾಗಿ ಸರಿದರು. ನಾಳೆ ಸಂಜೆಗೆ ಬೇರೆ ಯಾರನ್ನಾದರೂ ಕಳಿಸಿ ಕೋಳಿ ಒಯ್ಯಬೇಕು, ನೀನು ಮಾತ್ರ ಈ ಓಣಿಗೆ ಕಾಲಿಡಕೂಡದು ಎಂದು ಹೆಡ್‌ಮಾಸ್ತರರು ಅಪ್ಪಣೆ ಮಾಡಿದರು.

ಹೋಗುವಾಗ ಅವರು ನನ್ನ ಪಕ್ಕ ಹಾದು, ಮೆಲ್ಲಗೆ, ನನಗಷ್ಟೇ ಕೇಳುವಂತೆ ಎಂದರು: “ರಾಯರ, ಆ ಸಂದಿಗೆ ಒಂದು ಇಟ್ಟಂಗಿ ಇಡ್ರಿ. ಸಂಜಿ ಒಳಗ.”

ಇಟ್ಟಂಗಿ ಬಚ್ಚಲ ಒಲೆಯ ಪಕ್ಕದಲ್ಲೇ ಬಿದ್ದಿತ್ತು. ಅಲ್ಲಿಂದ ಗೂಡಿಗೆ ಹತ್ತು ಹೆಜ್ಜೆ. ಆದರೆ ಆಯಿ ಹಿತ್ತಲಿಗೆಲ್ಲ ಸೆಗಣಿ ನೀರು ಚಿಮುಕಿಸಿ ಅಲ್ಲೇ ಜಪ ಮಾಡುತ್ತ ಕೂತಿದ್ದಳು. ಅಕ್ಕಪಕ್ಕದ ಹೆಂಗಸರು ಗೋಡೆಯ ಮೇಲಿಂದ ಇಣುಕುತ್ತಿದ್ದರು. ರಾಯರು ಕೋಳಿಗೂಡು ರಿಪೇರಿಗೆ ನಿಂತರೆ ಏನಂದಾರು? ನಾಳೆ ನೋಡೋಣ ಎಂದುಕೊಂಡೆ. ಬೆಳಿಗ್ಗೆ ಸ್ನಾನ, ಸಂಧ್ಯಾವಂದನೆ, ಶಾಲೆಗೆ ಹೊತ್ತಾಯಿತು. ಸಂಜೆ ಹೇಗೂ ಕೋಳಿ ಒಯ್ಯುತ್ತಾರಲ್ಲ ಎಂದುಕೊಂಡೆ. ನನ್ನಷ್ಟು ಸಲೀಸಾಗಿ ತನಗೆ ತಾನೇ ಸಮಾಧಾನ ಹೇಳಿಕೊಳ್ಳುವ ಪ್ರಾಣಿ ಲೋಕದಲ್ಲಿ ಇನ್ನೊಂದಿರಲಿಕ್ಕಿಲ್ಲ.

ಮುಂಗುಸಿ ಬಂದದ್ದು ಹಗಲು, ಹನ್ನೊಂದರ ಸುಮಾರಿಗೆ. ಆಯಿ ದೇವರ ಮನೆಯಲ್ಲಿದ್ದಳು. ಅಷ್ಟು ದೂರದಿಂದ ಕೋಳಿಗಳ ಕೂಗು ಸಣ್ಣಗೆ ಕೇಳಿ, ಕಾಗೆ ಇರಬೇಕೆಂದು ನನ್ನಾಕೆ ಮೊದಲು ಸುಮ್ಮನೆ ಮಲಗಿದ್ದಳಂತೆ. ತಿಳಿದ ಮೇಲೆ ಎದ್ದು ಓಡಿದಳು. ಓಡಾಟವೇ ಬಂದ್ ಎಂದು ಡಾಕ್ಟರಮ್ಮ ಹೇಳಿದ್ದವಳು, ಹಿತ್ತಲ ಕಡೇ ಮೂಲೆಯವರೆಗೆ ಓಡಿದಳು. ಪಾಚಿ ಹಿಡಿದು ಮಳೆಗೆ ನೆನೆದಿದ್ದ ಬಚ್ಚಲ ಕಲ್ಲಿನ ಮೇಲೆ ಕಾಲು ಜಾರಿತು. ನಾನು ಬರುವಷ್ಟರಲ್ಲಿ ಗೂಡಿನೊಳಗೂ ರಕ್ತ, ಗೂಡಿನ ಹೊರಗೂ ರಕ್ತ. ಬಾಗಿಲಿನ ಕೊಂಡಿ ಹಾಕಿದ್ದು ಹಾಗೇ ಇತ್ತು. ನಾಲ್ಕೂ ಕೋಳಿ ಒಳಗೇ ಸತ್ತಿದ್ದವು.

ಯಾರದೋ ಜೀಪಿನಲ್ಲಿ ಕಲಬುರ್ಗಿಗೆ ಒಯ್ದೆವು. ಹೆಣ್ಣು ಕೂಸು ಹುಟ್ಟಿತು. ಎರಡು ದಿನ ಇತ್ತು. ನನ್ನ ಅಂಗೈಯಲ್ಲಿ ಹಿಡಿಯುವಷ್ಟಿತ್ತು.

ಮೂರನೆಯ ದಿನ ಅವರು ಆಸ್ಪತ್ರೆಗೆ ಬಂದರು. ಕೈಯಲ್ಲೊಂದು ತಗಡಿನ ಡಬ್ಬಿ, ಡಬ್ಬಿಯ ತುಂಬ ಜೋಳ, ಜೋಳದೊಳಗೆ ಒಡೆಯದ ಹಾಗೆ ಹುಗಿದಿಟ್ಟ ಮೊಟ್ಟೆ. ಕಲಬುರ್ಗಿಯ ರೋಜಾ ಬಡಾವಣೆಯ ಹತ್ತಿರ ಪರಿಚಯದವರ ಮನೆಯಲ್ಲಿ ಕೇಳಿ ತಂದಿದ್ದರು. ಬಾಗಿಲಲ್ಲೇ ನಿಂತರು. ಆಯಿ ಇರುವುದನ್ನು ಕಂಡು ಡಬ್ಬಿಯನ್ನು ಬೆನ್ನ ಹಿಂದೆ ಮಾಡಿದರು.

ಆಯಿ ತಲೆ ಎತ್ತಿದಳು. “ತತ್ತಿ ತಂದೀಯೇನಪಾ? ಕೊಡು. ಆಕಿಗೆ ಇನ್ನೂ ಬೇಕಾಗ್ತಾವ.”

ನಾನು ದಡಕ್ಕನೆ ಎದ್ದು ನಿಂತೆ. “ಆಯಿ, ನಿನಗ...”

“ನಾನೇನು ಕುರುಡಿ ಅಂತ ತಿಳಿದೀಯಾ? ಹಾಲಿನ ಪಾತ್ರಿ ವಾಸನಿ ನನಗ ಬರೂದಿಲ್ಲೇನು? ಮೊದಲನೇ ದಿನಾನೇ ಗೊತ್ತಾತು. ಕೂಸು ಉಳೀಲಿ ಅಂತ ಬಾಯಿ ಮುಚ್ಚಿಕೊಂಡೆ. ಆ ಪಾತ್ರಿ ನಾನೇ ಬ್ಯಾರೆ ಇಟ್ಟೆ.”

ಸಿಪಾಯಿ ನಿಧಾನಕ್ಕೆ ಕೇಳಿದರು: “ಗ್ವಾಡಿ ಮ್ಯಾಲ ನುಚ್ಚು ಇಡ್ತಿದ್ದವರು ನೀವೇನ್ರಿ ಅಮ್ಮೋರ?”

ಆಯಿ ಸೆರಗಿನಿಂದ ಮೂಗು ಒರೆಸಿಕೊಂಡಳು. “ಖರೇ ಹೇಳಪಾ, ಆ ನಿಂಬಿಹಣ್ಣು ಯಾತಕ್ಕಿಟ್ಟಿದ್ದಿ?”

ಅವರು ಹೇಳಿದರು. ಮುಂಗುಸಿಯ ತಲೆ, ಸಂದು, ಕಾವಿಯ ಗೆರೆ, ಎಲ್ಲ. ಆಯಿ ಪೂರ್ತಿ ಕೇಳಿದಳು. ಆಮೇಲೆ ನನ್ನ ಕಡೆ ತಿರುಗಿದಳು. “ನಿನಗ ಇದು ಗೊತ್ತಿತ್ತೇನು?”

ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ನನ್ನಾಕೆ, ತಿರುಗದೆಯೇ ಹೇಳಿದಳು: “ಗೊತ್ತಿತ್ತು.”

ಯಾವ ಗುಟ್ಟಿನ ಸಲುವಾಗಿ ನಾನು ಆ ಮನುಷ್ಯನನ್ನು ಜನರ ಬಾಯಿಗೆ ಕೊಟ್ಟೆನೋ, ಆ ಗುಟ್ಟು ನನ್ನ ಮನೆಯಲ್ಲಿ ಗುಟ್ಟೇ ಆಗಿರಲಿಲ್ಲ. ಆಯಿ ಎದ್ದಳು. ಡಬ್ಬಿಯನ್ನು ಅವರ ಕೈಯಿಂದ ತಾನೇ ಇಸಿದುಕೊಂಡಳು, ಕೈಗೆ ಕೈ ತಾಗಿತು. ತಾನು ಕೂತಿದ್ದ ಕುರ್ಚಿಯನ್ನು ಅವರ ಕಡೆ ನೂಕಿದಳು. “ಕೂಡು. ನನ್ನಿಂದ ಭಾಳ ದೊಡ್ಡ ತಪ್ಪಾತು.” ಅವರು ಕೂರಲಿಲ್ಲ. ಕುರ್ಚಿಯ ಬೆನ್ನು ಹಿಡಿದು ಅತ್ತರು. ತಪ್ಪಾಯಿತು ಎಂದವಳು ಆಯಿ. ನಾನಲ್ಲ.

ಆಮೇಲೆ ನಾನು ಕಲಬುರ್ಗಿಗೆ ವರ್ಗ ಮಾಡಿಸಿಕೊಂಡು ಜೇವರ್ಗಿ ಕಾಲೋನಿ ಸೇರಿದೆ. ಮಕ್ಕಳಾಗಲಿಲ್ಲ. ಅವರು ಊರಿಗೆ ಬಂದಾಗಲೆಲ್ಲ ಮನೆಗೆ ಬರುತ್ತಿದ್ದರು. ಮುಂಬಾಗಿಲಿಂದಲೇ ಬರಬೇಕು ಎಂಬುದು ಆಯಿಯ ಕಟ್ಟಪ್ಪಣೆ. ಒಂದು ಗೊನೆ ಕೆಂಪು ಬಾಳೆ ತರುವರು, ನನ್ನಾಕೆಯ ಜೊತೆ ಗಂಟೆಗಟ್ಟಲೆ ಮಾತಾಡುವರು. ಅವಳು ನಗುತ್ತಿದ್ದುದು ಅವರು ಬಂದ ದಿನ ಮಾತ್ರ. ನನ್ನೊಡನೆ ಅವರು ಆ ವಿಷಯ ಒಂದು ದಿನವೂ ಎತ್ತಲಿಲ್ಲ. ಒಮ್ಮೆ ಬೈದುಬಿಟ್ಟಿದ್ದರೆ ನನಗೆ ನಿದ್ದೆ ಬರುತ್ತಿತ್ತು. ಅವರು ನಿವೃತ್ತರಾದ ದಿನ ಕಮಲಾಪುರಕ್ಕೆ ಹೋಗಿ, ಹಾರ ಹಾಕಿ, ಅವರ ಕೈ ಹಿಡಿದುಕೊಂಡು ಕೇಳಿಯೇ ಬಿಟ್ಟೆ: “ಒಂದು ಇಟ್ಟಂಗಿ ಇಡಲಿಲ್ಲ ನಾನು. ನನ್ನ ಮ್ಯಾಲ ಸಿಟ್ಟಿಲ್ಲೇನು?” ಅವರು ಹೊಳೆಯುವ ಗಂಟೆಯ ಕಡೆ ನೋಡುತ್ತ ಹೇಳಿದರು: “ಬರೇ ಮಣ್ಣು ಹಾಕಿದ್ದು ನಂದೇ ತಪ್ಪರೀ. ಸಿಮೆಂಟ್ ಹಾಕಬೇಕಿತ್ತು.” ಆ ಮಾತಿಗೆ ನನಗೆ ಸಿಟ್ಟೇ ಬಂತು. ನನ್ನ ಪಾಲಿನ ತಪ್ಪನ್ನೂ ಅವರು ಒಯ್ದುಬಿಟ್ಟಿದ್ದರು.

ಸುದ್ದಿ ಕೇಳಿದ ದಿನ ಸೂಪರ್ ಮಾರ್ಕೆಟ್ಟಿನಿಂದ ಮನೆಗೆ ಹೋಗಲಿಲ್ಲ, ನೇರ ಕಮಲಾಪುರದ ಬಸ್ಸು ಹತ್ತಿದೆ. ಅವರ ಮನೆಯಲ್ಲಿ ಸೊಸೆ ಒಬ್ಬಳೇ ಇದ್ದಳು. ಅವರು ಮಲಗುತ್ತಿದ್ದ ಮಂಚ ಗೋಡೆಗೆ ಹತ್ತಿಕೊಂಡೇ ಇತ್ತು. ಆ ಗೋಡೆಯ ಆಚೆ ಬದಿಗೇ ಕೋಳಿಗೂಡು. ಕಿವಿಗೆ ಹತ್ತಿರ. “ಕಡೀಕ ಎದ್ದೇಳಾಕ ಆಗ್ತಿರಲಿಲ್ರಿ ಮಾವಗ” ಎಂದಳು ಸೊಸೆ. “ಆದ್ರೂ ಮಳಿ ಬಂದಾಗೊಮ್ಮ, ನಿಂಬಿಹಣ್ಣು ಹಚ್ಚಿ ನೋಡಿರೇನು ಅಂತ ಕೇಳೋರು. ಅವರು ಹೋದ ಮ್ಯಾಲ ಯಾರೂ ನೋಡಿಲ್ಲ.”

ಮೊನ್ನೆ ಮಳೆಯಾಗಿತ್ತು. ನಾನು ಗೂಡಿನ ಹಿಂದೆ ಹೋಗಿ ಕೆಸರಲ್ಲಿ ಮೊಣಕಾಲೂರಿದೆ. ಜೇಬಿನಿಂದ ನಿಂಬೆಹಣ್ಣು ತೆಗೆದು ಒಂದೊಂದೇ ಸಂದಿಗೆ ಒತ್ತಿ ನೋಡುತ್ತ ಬಂದೆ. ಮೂಲೆಯಲ್ಲಿ ಒಂದು ಕಡೆ ಅದು ಒಳಗೆ ಹೋಯಿತು.

“ಒಂದು ಇಟ್ಟಂಗಿ ಕೊಡವಾ” ಎಂದೆ.

“ಇರಲಿ ಬಿಡ್ರಿ ಅಜ್ಜಾರ, ಧೋತ್ರ ಹೊಲಸಾಗ್ತದ. ನಾಳೆ ನಮ್ಮವರು ಬಂದು ಹಾಕ್ತಾರ.”

“ನಾಳೆ ಬ್ಯಾಡ ತಂಗಿ.”

ಅವಳು ಇಟ್ಟಂಗಿ ತಂದುಕೊಟ್ಟಳು. ಕೈಯಿಂದಲೇ ಕೆಸರು ಕಲಸಿ ಮೆತ್ತಿ ಸಂದಿಗೆ ಕೂರಿಸಿದೆ, ಅಲುಗಾಡಿಸಿ ನೋಡಿದೆ, ಮತ್ತೆ ಮೆತ್ತಿದೆ. ಒಳಗೆ ಒಂದು ಕೋಳಿ ರೆಕ್ಕೆ ಬಡಿಯಿತು. ಸಂಜೆಗೆ ಇನ್ನೂ ಸ್ವಲ್ಪ ಹೊತ್ತಿತ್ತು.